ತಿಪ್ಪೇಲಿ ಹೂತಿಟ್ಟ ಬೀಕನ್

ನಮ್ಮ ಪೇಪರ್‌ಗಳು ಆಕಾಶದಿಂದ ಹಿಮ ಬಿದ್ದರೂ ‘ಹಿಮಪಾತ’ ಅಂತವೆ, ಗುಡ್ಡದ ಹಿಮ ಜಾರಿ ಜನ ಸತ್ತರೂ ‘ಹಿಮಪಾತ’ ಅಂತಲೇ ಬರೀತವೆ. ಕಾಶ್ಮೀರದ ಗುಲ್ಮಾರ್ಗ್‌ಗೆ ಸ್ಕೀಯಿಂಗ್‌ಗೆ ಹೊರಟಾಗ ಅಜ್ಜಿಗೆ ಈ ಎರಡರ ವ್ಯತ್ಯಾಸ ಹೇಳೋಕೇ ಅರ್ಧ ಗಂಟೆ ಹಿಡೀತು. ಮೊದಲನೆಯದಾದ ಮೇಲೆ ಒಂದೆರಡು ದಿನದಲ್ಲೇ ಎರಡನೆಯದು ಆಗೋದು ಜಾಸ್ತಿ ಅಂದೆ. “ಹಂಗಾದ್ರೆ ಆ ಎರಡು ದಿನ ರೂಮಲ್ಲೇ ಬಿದ್ಕೊ” ಅಂತು. ಕೋರ್ಸ್ ಫೀಸು ಕಟ್ಟಿ ನಾನು ಕಲಿತದ್ದೂ ಹೆಚ್ಚುಕಡಿಮೆ ಇಷ್ಟೇ.

ಬೆಂಗಳೂರಿನ ಗೆಳೆಯನ ಹತ್ರ ಎರಡು ಬೀಕನ್ ಇಸ್ಕೊಂಡು ಮಧುಗಿರಿ ಹತ್ರದ ನಮ್ಮೂರಿಗೆ ತಂದಿದ್ದೆ. ಎದೆಗೆ ಕಟ್ಟಿಕೊಳ್ಳೋ ಸಣ್ಣ ಯಂತ್ರ ಅದು. ಸದಾ ಸಿಗ್ನಲ್ ಬಿಡ್ತಿರುತ್ತೆ. ಯಾರಾದ್ರೂ ಹಿಮದಡಿ ಸಿಕ್ಕಿಕೊಂಡರೆ ಉಳಿದವರೆಲ್ಲ ತಮ್ಮದನ್ನ ಹುಡುಕೋ ಮೋಡ್‌ಗೆ ಹಾಕ್ಬೇಕು. ಯಾವ ಕಂಪನಿದಾದ್ರೂ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡೋದರಿಂದ ಎರವಲು ತಂದದ್ದೂ ನಡೆಯುತ್ತೆ. ಅಕ್ಕನ ಮಗ ಒಂದನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ತಿಪ್ಪೇಲಿ ಹೂತಿಟ್ಟು ಬಂದ. ನಾನು ಇನ್ನೊಂದನ್ನ ಹಿಡಿದು ಹೊರಟೆ. 18, 14, 22, ಮತ್ತೆ 9... ದೂರ ತೋರಿಸೋ ಅಂಕಿ ಹುಚ್ಚುಚ್ಚಾಗಿ ಕುಣೀತಿತ್ತು. ನೋಡಿದ್ರೆ ಮೊಬೈಲು ಅಂಗಿ ಜೇಬಲ್ಲೇ ಇದೆ! ಹುಡುಕುವಾಗ ಫೋನು ಬೀಕನ್‌ನಿಂದ ಕನಿಷ್ಠ ಅರ್ಧ ಮೀಟರ್ ದೂರ ಇರಬೇಕು ಅಂತ ಓದಿದ್ದೆ, ಮರೆತಿದ್ದೆ.

ಯಂತ್ರ ತೋರಿಸೋ ಬಾಣದ ಗುರುತು ನೆಟ್ಟಗೆ ಕರ್ಕೊಂಡು ಹೋಗಲ್ಲ, ಬಳಸಿಕೊಂಡು ಹೋಗುತ್ತೆ. ಹತ್ರ ಬಂದ ಮೇಲೆ ಯಂತ್ರ ನೆಲಕ್ಕೆ ತಾಕೋ ಹಂಗೆ ಬಗ್ಗಿ, ಅತಿ ಕಡಿಮೆ ಅಂಕಿ ಎಲ್ಲಿ ಅಂತ ಉದ್ದಕ್ಕೂ ಅಡ್ಡಕ್ಕೂ ನೋಡಬೇಕು. ಅಲ್ಲಿಂದ ಸುತ್ತ ಒಂದೊಂದು ಗೇಣಿಗೆ ಚುಚ್ಚುತ್ತಾ ಹೋಗೋದು. ಅದಕ್ಕೆ ಪ್ರೋಬ್ ಅನ್ನೋ ಮಡಚೋ ಉದ್ದನೆ ಕೋಲು ಬೇಕು. ನನ್ನ ಹತ್ರ ಇದ್ದದ್ದು ಅಜ್ಜಿಯ ಹುಣಸೆ ಬಡಿಯೋ ಗಳ. ಸಿಕ್ಕಿದಾಗ 11 ನಿಮಿಷ ಆಗಿತ್ತು, ಅಗೆಯೋದು ಇನ್ನೂ ಬಾಕಿ. ಹಿಮದಡಿ ಸಿಕ್ಕವರನ್ನ ಮೊದಲ 10–15 ನಿಮಿಷದಲ್ಲಿ ತೆಗೆದರೆ ಹೆಚ್ಚಿನವರು ಬದುಕ್ತಾರೆ. ಅರ್ಧ ಗಂಟೆ ದಾಟಿದರೆ ಬಹುಪಾಲು ಉಸಿರುಕಟ್ಟಿ ಹೋಗ್ತಾರೆ. ಸಂಜೆ ಹೊತ್ತಿಗೆ 4 ನಿಮಿಷಕ್ಕೆ ಇಳಿಸಿದೆ. ಮೈಯೆಲ್ಲ ಗೊಬ್ಬರ.

ಊರಲ್ಲಿ ಎಲ್ಲರೂ ಹೇಳಿದ್ದು ಯೋಧ ಹನುಮಂತಪ್ಪ ಕೊಪ್ಪದ ಅವರ ಹೆಸರು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಇದ್ದೂ ಜೀವಂತ ಸಿಕ್ಕರಲ್ಲ ಅಂತ. ಸಿಕ್ಕರು, ಆದರೆ ಉಳೀಲಿಲ್ಲ. ಅವರ ಜೊತೆಗಿದ್ದ ಒಂಬತ್ತು ಜನ ಅಲ್ಲೇ ಹೋಗಿದ್ದರು. ಅದನ್ನ ಲೆಕ್ಕಕ್ಕಿಟ್ಟು ನಾನು ಹೊರಡೋಕಾಗುತ್ತಾ?

ಇಳಿಜಾರಿನ ಲೆಕ್ಕ ಕಲಿತದ್ದು ಮಧುಗಿರಿ ಬೆಟ್ಟದ ಮೇಲೆ. ಹೆಚ್ಚಿನ ಹಿಮಕುಸಿತ ಆಗೋದು 30ರಿಂದ 45 ಡಿಗ್ರಿ ಇಳಿಜಾರಲ್ಲಿ. ಕಂಬಿ ಹಿಡಿದು ಹತ್ತೋ ಕಡೆ ಒಂದು ಜಾಗ 50 ಇರಬಹುದು ಅಂದ್ಕೊಂಡು ಫೋನಿಟ್ಟು ಅಳೆದರೆ 34! ಕಣ್ಣನ್ನ ನಂಬಬಾರದು ಅಂತ ಅವತ್ತೇ ಗೊತ್ತಾಯ್ತು.

ಗುಲ್ಮಾರ್ಗ್‌ನಲ್ಲಿ ಮೂರನೇ ರಾತ್ರಿ ಎರಡಡಿ ಹೊಸ ಹಿಮ, ಜೊತೆಗೆ ಗಾಳಿ. ಬೆಳಿಗ್ಗೆ ಶುಭ್ರ ಬಿಸಿಲು. ಅಫರ್ವತ್ ಬೆಟ್ಟ ಹಾಲು ಸುರಿದ ಹಂಗಿತ್ತು. ಗುರುತು ಹಾಕಿದ ದಾರಿ ಬಿಟ್ಟು ಇಳಿಯೋಣ ಅಂತ ಜೊತೆಗಾರರಿಗೆ ಕಾಲು ನಿಲ್ತಿರಲಿಲ್ಲ. ಗೈಡ್ ಮಾತಾಡಲಿಲ್ಲ. ಸಲಿಕೆ ತಗೊಂಡು ಸೊಂಟದಾಳ ಗುಂಡಿ ತೋಡಿ, ಅದರ ಗೋಡೇಲಿ ಒಂದಡಿ ಅಗಲದ ಹಿಮದ ಕಂಬ ಕಡಿದು ನಿಲ್ಲಿಸಿದ. ತಳದ ಹತ್ರ ಒಂದು ಪದರ ಕೈಯಲ್ಲಿ ಹಿಡಿದರೆ ಉಪ್ಪಿಟ್ಟಿನ ರವೆ ಹಂಗೆ ಉದುರ್ತಿತ್ತು, ಒಂದಕ್ಕೊಂದು ಅಂಟೇ ಇಲ್ಲ. ಕಂಬದ ಮೇಲೆ ಸಲಿಕೆ ಇಟ್ಟು ಮಣಿಕಟ್ಟಿಂದ ಹತ್ತು ಸಲ ತಟ್ಟಿದ, ಏನೂ ಆಗಲಿಲ್ಲ. ಮೊಣಕೈಯಿಂದ ಬಡಿದ ಎರಡನೇ ಏಟಿಗೆ ಮೇಲಿನದ್ದೆಲ್ಲ ಒಂದೇ ಹಲಗೆ ಥರ ಜಾರಿ ಅವನ ಮಡಿಲಿಗೆ ಬಿತ್ತು.

ಆಮೇಲೂ ಒಬ್ಬ “ಸ್ವಲ್ಪ ದೂರ ಹೋಗಿ ನೋಡಣ” ಅಂದ. ಸಮತಟ್ಟಲ್ಲೇ ನಾಲ್ಕು ಹೆಜ್ಜೆ ಇಟ್ಟಿದ್ವಿ, ಕಾಲಡಿ ‘ಧುಮ್’ ಅಂತ ಸದ್ದಾಗಿ ಹಿಮ ಒಂದು ಬೆರಳಷ್ಟು ಕುಸೀತು. ಒಳಗಿನ ಪದರ ಮುರಿದ ಸದ್ದು ಅದು. ಇಳಿಜಾರಲ್ಲಿ ಆಗಿದ್ದರೆ ಕುಸಿತಕ್ಕೆ ನಾವೇ ಕಾರಣ ಆಗ್ತಿದ್ವಿ. ಸಿಕ್ಕಿಬೀಳೋರಲ್ಲಿ ಹೆಚ್ಚಿನವರದ್ದು ಇದೇ ಕಥೆ, ತಾವೋ ಜೊತೆಯವರೋ ಕೆದಕಿದ ಕುಸಿತ. ಸುಮ್ಮನೆ ಬಂದ ದಾರೀಲೇ ವಾಪಸ್ ಬಂದ್ವಿ.

ಎರಡು ದಿನ ಕೆಳಗಿನ ಮಕ್ಕಳ ಇಳಿಜಾರಲ್ಲೇ ಜಾರಿದೆ. ಹೊಟ್ಟೆ ಉರೀತಿತ್ತು, ಸುಳ್ಳು ಹೇಳಲ್ಲ. ರಾತ್ರಿ ಫೋನ್ ಮಾಡಿ ಅಜ್ಜಿಗೆ ಎಲ್ಲ ಹೇಳಿದೆ. “ಸರಿ ಬಿಡು, ನನ್ನ ಗಳ ಎಲ್ಲಿ ಮಡಗಿದ್ದೀಯ? ಹುಣಸೆ ಹಣ್ಣಾಗೈತೆ” ಅಂತು. ಅದಿನ್ನೂ ತಿಪ್ಪೇಲೇ ಇತ್ತು.