ಚಿತ್ರದ ಬೆನ್ನು

ಕೋಪನ್‌ಹೇಗನ್ನಿನ ರಾಷ್ಟ್ರೀಯ ಕಲಾ ಮ್ಯೂಸಿಯಂನಲ್ಲಿ ಕಾರ್ನೇಲಿಯಸ್ ಗೈಸ್‌ಬ್ರೆಖ್ಟ್ಸ್ 1670ರ ಸುಮಾರಿಗೆ ಬರೆದ ಚಿತ್ರವೊಂದಿದೆ. ಅದರಲ್ಲಿ ಬರೆದಿರೋದು ಒಂದು ಚಿತ್ರದ ಹಿಂಬದಿಯನ್ನೇ: ಮರದ ಚೌಕಟ್ಟು, ಮೊಳೆಗಳು, '36' ಅಂತ ಬರೆದ ಚೀಟಿ, ಅಷ್ಟೇ. ಯಾರೋ ಚಿತ್ರವನ್ನು ಮಗುಚಿ ಇಟ್ಟಿದ್ದಾರೆ ಅನ್ನಿಸುತ್ತೆ. ತಿರುಗಿಸಿದರೆ ಅಲ್ಲೂ ಬೆನ್ನೇ! ಕೈಚಳಕ ಪೂರ್ತಿ ಗೆದ್ದರೆ ಅದನ್ನು ಚಿತ್ರ ಅಂತ ಯಾರೂ ನೋಡೋದೇ ಇಲ್ಲ, ಪಾಪ.

ಹೀಗೆ ಕಣ್ಣಿಗೆ ಮೋಸ ಮಾಡುವ ಚಿತ್ರಗಳ ಗುಟ್ಟಿರೋದು ಕಮ್ಮಿ ಆಳದಲ್ಲಿ. ಒಂದೆರಡು ಇಂಚಿನ ಆಳವಾದರೆ ನೋಡುವವರು ತಲೆ ಅಲ್ಲಾಡಿಸಿದರೂ ಮೋಸ ಬೇಗ ಬಯಲಾಗಲ್ಲ. ಹಣ್ಣಿನ ಬುಟ್ಟಿಗೆ ಈ ಅನುಕೂಲ ಇಲ್ಲ. ವಸ್ತುಗಳು ನಿಜದ ಅಳತೆಯಲ್ಲೇ ಇರಬೇಕು.

ಕೆಡೋದು ಹೆಚ್ಚಾಗಿ ನೆರಳಲ್ಲಿ. ಬರೀ ಕಪ್ಪು ಬಳಿದರೆ ಮಸಿ ಚೆಲ್ಲಿದ ಹಾಗೆ ಕಾಣುತ್ತೆ. ನೆರಳು ಬೀಳುವ ಹಲಗೆಯ ಬಣ್ಣವನ್ನೇ ಗಾಢ ಮಾಡಿ ಹಚ್ಚಬೇಕು. ಚೀಟಿ ಹಲಗೆಗೆ ತಾಗಿದ ಕಡೆ ನೆರಳಿನ ಅಂಚು ಚೂಪು, ಮೂಲೆ ಮೇಲೆದ್ದ ಕಡೆ ಮಸುಕು. ಮೊಳೆಯ ತಲೆಯ ಹೊಳಪು ಎಡಕ್ಕಿದ್ದರೆ ನೆರಳು ಬಲಕ್ಕೆ. ಆಗ ಚಿತ್ರ ತೂಗುಹಾಕುವ ಕೋಣೆಯ ಬೆಳಕೂ ಎಡದಿಂದಲೇ ಬರಬೇಕು.