ಕ್ಯಾನಿಗೆ ಸುರಿಯುವ ಮುನ್ನ ನಾಲ್ಕೂ ತೊಟ್ಟಿನ ಹಾಲು ನೋಡಿ

ಕೆಚ್ಚಲು ಊದಿ ಕೆಂಪಾಗಿ, ಹಾಲು ಒಡೆದು ಬಂದರೆ ಕೆಚ್ಚಲು ಬಾವು ಅಂತ ಯಾರಿಗಾದರೂ ತಿಳಿಯುತ್ತದೆ. ಗುಪ್ತ ಬಾವಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಹಸು ಮೇವು ತಿನ್ನುತ್ತದೆ, ಮುಟ್ಟಿದರೆ ಒದೆಯುವುದಿಲ್ಲ, ಹಾಲು ಬೆಳ್ಳಗೇ ಇರುತ್ತದೆ. ರೋಗ ಹಿಡಿದ ತೊಟ್ಟಿನ ಹಾಲು ಮಾತ್ರ ಸದ್ದಿಲ್ಲದೆ ಇಳಿಯುತ್ತಾ ಹೋಗುತ್ತದೆ. ಹಾಲಿನ ಸಂಘದಲ್ಲಿ ಅಳೆಯುವುದು ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ). ಅಲ್ಲಿ ಇದು ಸಿಕ್ಕಿಬೀಳುತ್ತದೆಂದು ನಂಬಿ ಕೂರಬೇಡಿ.

ಸೋಂಕಾದ ಭಾಗಕ್ಕೆ ಬಿಳಿ ರಕ್ತಕಣಗಳು ನುಗ್ಗಿ ಹಾಲಿಗೆ ಇಳಿಯುತ್ತವೆ. ಒಂದು ಮಿ.ಲೀ. ಹಾಲಿನಲ್ಲಿ ಕಣಗಳ ಸಂಖ್ಯೆ 2 ಲಕ್ಷ ದಾಟಿದರೆ ಅನುಮಾನ ಪಡಬೇಕು. ಮೂರು ತೊಟ್ಟಿನಲ್ಲಿ ತಲಾ 1 ಲಕ್ಷ, ಒಂದರಲ್ಲಿ 10 ಲಕ್ಷ ಇದೆ ಎನ್ನಿ. ನಾಲ್ಕರ ಹಾಲೂ ಸಮನಾಗಿ ಬೆರೆತರೆ 3.25 ಲಕ್ಷ. ಅದಕ್ಕೆ 1 ಲಕ್ಷದ ಇನ್ನೂ ನಾಲ್ಕು ಹಸುಗಳ ಹಾಲು ಅಷ್ಟಷ್ಟೇ ಸೇರಿದರೆ 1.45 ಲಕ್ಷ. ಕ್ಯಾನಿನ ಹಾಲು ಚೆನ್ನಾಗಿದೆ ಅನ್ನಿಸಿತು, ರೋಗ ಕೊಟ್ಟಿಗೆಯಲ್ಲೇ ಉಳಿಯಿತು. ಅದಕ್ಕೇ ತೊಟ್ಟು ತೊಟ್ಟಿನ ಹಾಲನ್ನೂ ಬೇರೆಬೇರೆಯಾಗಿ ನೋಡಬೇಕು.

1957ರಿಂದ ಬಳಕೆಯಲ್ಲಿರುವ ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್, ಅಂದರೆ ಸಿಎಂಟಿ, ಇದಕ್ಕೆ ಸಾಕು. ನಾಲ್ಕು ಬಟ್ಟಲಿನ ಪ್ಲಾಸ್ಟಿಕ್ ತಟ್ಟೆ, ಒಂದು ಬಾಟಲಿ ದ್ರಾವಣ, ಅಷ್ಟೆ. ಕೆಚ್ಚಲು ತೊಳೆದು ಒರೆಸಿ, ಮೊದಲ ಮೂರು ನಾಲ್ಕು ಧಾರೆ ಬೇರೆ ಪಾತ್ರೆಗೆ ಹಿಂಡಿ. ಆಮೇಲೆ ಒಂದೊಂದು ಬಟ್ಟಲಿಗೆ ಒಂದೊಂದು ತೊಟ್ಟಿನ ಹಾಲು. ತಟ್ಟೆಯ ಹಿಡಿ ಯಾವಾಗಲೂ ಒಂದೇ ದಿಕ್ಕಿಗಿರಲಿ, ಇಲ್ಲದಿದ್ದರೆ ಯಾವ ಬಟ್ಟಲು ಯಾವ ತೊಟ್ಟಿನದೆಂದು ಗೊಂದಲವಾಗುತ್ತದೆ. ತಟ್ಟೆಯನ್ನು ಓರೆ ಮಾಡಿ ಹೆಚ್ಚಿನದನ್ನು ಚೆಲ್ಲಿ, ತಲಾ 2 ಮಿ.ಲೀ.ಯಷ್ಟು ಉಳಿಸಿ. ಅಷ್ಟೇ ದ್ರಾವಣ ಹಾಕಿ. ಹಾಲು ಜಾಸ್ತಿಯಾದರೆ ಲೋಳೆ ಕಟ್ಟುವುದಿಲ್ಲ. ರೋಗವಿದ್ದರೂ ಇಲ್ಲ ಅನ್ನಿಸಿಬಿಡುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ.

ಈಗ ತಟ್ಟೆಯನ್ನು ಮೆಲ್ಲಗೆ ದುಂಡಗೆ ತಿರುಗಿಸುತ್ತಾ ಕಣ್ಣಿಟ್ಟು ನೋಡಿ. ದ್ರಾವಣದ ಸಾಬೂನಿನಂಶ ಕಣಗಳನ್ನು ಒಡೆದು ಒಳಗಿನ ಡಿಎನ್‌ಎ ಹೊರಬರುತ್ತದೆ, ಅದೇ ಲೋಳೆ. ಆರೋಗ್ಯದ ಹಾಲು ನೀರಿನಂತೆ ಹರಿದಾಡುತ್ತದೆ. ತೆಳು ಲೋಳೆ ಕಂಡು, ತಿರುಗಿಸುತ್ತಿದ್ದಂತೆ ಮಾಯವಾದರೆ ಸಂಶಯ. ಬೆಂಡೆಕಾಯಿ ಲೋಳೆಯಂತೆ ದಪ್ಪಗಾಗಿ ನಡುವಿಗೆ ಸೇರಿದರೆ ಸೋಂಕು ಖಚಿತ ಎನ್ನುವಷ್ಟು. ಬಟ್ಟಲಿನ ನಡುವೆ ಗುಡ್ಡೆಯಾಗಿ ಅಂಟಿ ನಿಂತರೆ ತೀವ್ರ. 20 ಸೆಕೆಂಡಿನೊಳಗೆ ನಿರ್ಧರಿಸಿ, ತಡವಾದರೆ ಲೋಳೆ ಕರಗಿಹೋಗುತ್ತದೆ. ಒಂದು ಹಸು ಮುಗಿದ ಕೂಡಲೇ ತಟ್ಟೆ ತೊಳೆಯಿರಿ.

ದ್ರಾವಣ ಸಿಗದಿದ್ದರೆ ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ ಇದೇ ರೀತಿ ಬಳಸಬಹುದು. ಸಿಎಂಟಿಯಷ್ಟು ಸ್ಪಷ್ಟವಲ್ಲ, ಆದರೆ ಏನೂ ನೋಡದಿರುವುದಕ್ಕಿಂತ ಎಷ್ಟೋ ಮೇಲು.

ಕರು ಹಾಕಿದ ಮೊದಲ ವಾರ, ಗಿಣ್ಣು ಹಾಲಿನ ದಿನಗಳಲ್ಲಿ, ಈ ಪರೀಕ್ಷೆ ನಂಬಬೇಡಿ. ಹಾಲು ಬತ್ತುವ ಕೊನೆಯ ದಿನಗಳಲ್ಲೂ ಅಷ್ಟೆ. ಆಗ ಆರೋಗ್ಯವಾದ ಹಸುವಿನಲ್ಲೂ ಕಣಗಳು ಹೆಚ್ಚಿರುತ್ತವೆ. ನಾಲ್ಕೂ ಬಟ್ಟಲು ಒಂದೇ ತರ ಲೋಳೆಯಾದರೆ ಮೊದಲು ಇದನ್ನೇ ಯೋಚಿಸಿ.

ಒಂದು ತೊಟ್ಟು ಸಿಕ್ಕಿಬಿದ್ದರೆ ತಕ್ಷಣ ತೊಟ್ಟಿನೊಳಗೆ ಆ್ಯಂಟಿಬಯೋಟಿಕ್ ಟ್ಯೂಬ್ ಏರಿಸಬೇಡಿ. ಲೋಳೆ ಯಾವ ರೋಗಾಣು ಎಂದು ಹೇಳುವುದಿಲ್ಲ. ಪಶುವೈದ್ಯರನ್ನು ಕೇಳಿ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸುವಾಗ ದೂರದ ತೊಟ್ಟು ಮೊದಲು, ಹಾಲು ಹಿಂಡುವಾಗ ಹತ್ತಿರದ್ದು ಮೊದಲು. ಹೀಗೆ ಮಾಡಿದರೆ ಒರೆಸಿದ ತೊಟ್ಟಿಗೆ ಕೈ ತಾಗುವುದಿಲ್ಲ. ಕುದಿಸಿದ ಬಾಟಲಿ, ಸುತ್ತ ಐಸ್, ಅದೇ ದಿನ ತಲುಪಲಿ. ಫಲಿತಾಂಶ ಬರುವವರೆಗೆ ಆ ಹಸುವಿನ ಹಾಲನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ, ಪ್ರತಿ ಬಾರಿ ಕರೆದ ಮೇಲೆ ತೊಟ್ಟುಗಳನ್ನು ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿ. ಅದ್ದಿದ ಬಳಿಕ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿ. ತೊಟ್ಟಿನ ಬಾಯಿ ಮುಚ್ಚಲು ಅಷ್ಟು ಹೊತ್ತು ಬೇಕು.