ಆಶ್ಲೇಷ ಮಳೆಯ ಲೆಕ್ಕ

ನಮಗೆ ಹೈಡ್ರಾಲಜಿ, ಅಂದರೆ ಮಳೆ-ಹೊಳೆಗಳ ನೀರಿನ ಲೆಕ್ಕ, ಕಲಿಸಿದ ಮೇಷ್ಟ್ರು ಬೋರ್ಡಿನ ಮೇಲೆ ಸೂತ್ರ ಬರೆಯುತ್ತಿದ್ದುದು ಕೊನೆಗೆ. ಮೊದಲು ಮಳೆಯ ಮಾತು. ನಮ್ಮ ಹಾಸನದ ಹಾಸ್ಟೆಲಿನಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆಯವರು ಜಾಸ್ತಿ ಇದ್ದೆವು. ತೋಟದಲ್ಲಿ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು). "ಊರಲ್ಲಿ ಎಷ್ಟು ಬಂತಪ್ಪ?" ಎಂದು ಮೇಷ್ಟ್ರು ಕೇಳುತ್ತಿದ್ದರು. ಯಾರಾದರೂ "ನಾಲ್ಕು ಇಂಚು ಸರ್" ಎಂದರೆ ಅದನ್ನು ಸುಮಾರು 100 ಮಿಲಿಮೀಟರ್ ಎಂದು ಬರೆದುಕೊಂಡು, "ಇದರಲ್ಲಿ ಹೊಳೆಗೆ ಸೇರಿದ್ದೆಷ್ಟು?" ಎನ್ನುತ್ತಿದ್ದರು.

ಪರೀಕ್ಷೆಗೆ ಎಲ್ಲರಿಗೂ ಇಷ್ಟವಾಗಿದ್ದದ್ದು ರ‍್ಯಾಷನಲ್ ವಿಧಾನ. ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದು ಹೋಗುವ ಪಾಲು), ಗಂಟೆಗೆ ಎಷ್ಟು ಮಿಲಿಮೀಟರ್ ಮಳೆ, ಎಷ್ಟು ಹೆಕ್ಟೇರ್ ಜಾಗ, ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನಮೀಟರ್ ನೀರು ಎಂದು ಸಿಗುತ್ತದೆ. ಕಾಲೇಜಿನ ಚರಂಡಿಗೆ ಸಾಕು. ಅದನ್ನೇ ಹೇಮಾವತಿಗೆ ಹಾಕಿದರೆ ಮೇಷ್ಟ್ರಿಗೆ ಸಿಟ್ಟು ಬರುತ್ತಿತ್ತು. "ಇಲ್ಲಿ ಬಿಸಿಲು, ಗೊರೂರು ಡ್ಯಾಮಲ್ಲಿ ಒಳಹರಿವು ಏರ್ತಿದೆ. ಎಲ್ಲ ಕಡೆ ಒಂದೇ ಮಳೆ ಅಂತ ಹೇಗೆ ಹಿಡಿತೀಯ?"

ನನಗೆ ಮನಸ್ಸಿಗೆ ಹತ್ತಿದ್ದು ಕರ್ವ್ ನಂಬರ್. ಮಣ್ಣು, ಬೆಳೆ ನೋಡಿ ನೆಲಕ್ಕೆ ನೂರರೊಳಗೆ ಕೊಡುವ ಒಂದು ನಂಬರ್ ಅದು; ನಂಬರ್ ದೊಡ್ಡದಾದಷ್ಟೂ ಹರಿಯುವ ನೀರು ಜಾಸ್ತಿ. 1950ರ ದಶಕದಲ್ಲಿ ಅಮೆರಿಕದ ಹೊಲಗಳಿಗಾಗಿ ಕಟ್ಟಿದ ವಿಧಾನ. 25400ನ್ನು ಆ ನಂಬರಿನಿಂದ ಭಾಗಿಸಿ 254 ಕಳೆದರೆ, ನೆಲ ಎಷ್ಟು ಮಿಲಿಮೀಟರ್ ನೀರು ಹಿಡಿಯಬಲ್ಲದು ಎಂದು ಗೊತ್ತಾಗುತ್ತದೆ. ಅದರ ಐದನೇ ಒಂದು ಪಾಲು ತುಂಬುವ ತನಕ ಒಂದು ಹನಿಯೂ ಹರಿಯುವುದಿಲ್ಲ ಎಂದು ಹಿಡಿಯಬೇಕು. ನಂಬರ್ 60 ಇದ್ದರೆ 100 ಮಿಲಿಮೀಟರ್ ಮಳೆಯಲ್ಲಿ ಹರಿಯುವುದು ಸುಮಾರು 19. ಅದೇ ನೆಲ ಮೊದಲೇ ನೆನೆದಿದ್ದರೆ ನಂಬರ್ 78 ಆಗುತ್ತದೆ, ಹರಿಯುವುದು 47. ಮಳೆ ಅಷ್ಟೇ, ಹೊಳೆ ಎರಡೂವರೆ ಪಟ್ಟು!

ಲೆಕ್ಕ ಮುಗಿಸಿ ಮೇಷ್ಟ್ರು "ಆಶ್ಲೇಷ ಮಳೆ, ಈಸಲಾರದ ಹೊಳೆ" ಎಂದು ಗಾದೆ ಹೇಳಿದರು. ಆರಿದ್ರೆ, ಪುನರ್ವಸು, ಪುಷ್ಯ ಮೂರೂ ಸುರಿದು ನೆಲ ತುಂಬಿದ ಮೇಲೆ ಬರುವ ಮಳೆ ಅಲ್ವಾ ಅದು. ಹಿಂದಿನ ಐದು ದಿನಗಳಲ್ಲಿ 53 ಮಿಲಿಮೀಟರ್ ದಾಟಿದ್ದರೆ ಬೆಳೆಯ ಕಾಲದಲ್ಲಿ ನೆಲ ತೇವವಾಗಿದೆ ಎಂದು ಹಿಡಿಯಿರಿ ಎನ್ನುತ್ತದೆ ಪುಸ್ತಕ. ಸಕಲೇಶಪುರದ ಜುಲೈನಲ್ಲಿ ಅದು ಎಷ್ಟೋ ಸಲ ಒಂದೇ ದಿನದ ಮಾತು.

1932ರಲ್ಲಿ ಅಮೆರಿಕದ ಎಂಜಿನಿಯರ್ ಶರ್ಮನ್ ಕೊಟ್ಟ ಯೂನಿಟ್ ಹೈಡ್ರೋಗ್ರಾಫ್ ಪಾಠವೂ ಇತ್ತು. ಹೀಗೆ ಹರಿದ ನೀರು ಯಾವ ಗಂಟೆಗೆ ಎಷ್ಟು ಬರುತ್ತದೆ ಎಂದು ಹೇಳುವ ಗೆರೆ ಅದು. ಗ್ರಾಫ್ ಹಾಳೆ ಮೇಲೆ ಸುಮ್ನೆ ಕೂಡಿಸುತ್ತಾ ಕೂರುವ ಕೆಲಸ, ಬೇಸರ ಬರುತ್ತಿತ್ತು.

ಕಾಫಿ ತೋಟಕ್ಕೆ ಯಾವ ಕರ್ವ್ ನಂಬರ್ ಹಿಡಿಯಬೇಕು ಎನ್ನುವ ಜಗಳ ಮಾತ್ರ ನಮ್ಮ ಬ್ಯಾಚಿನಲ್ಲಿ ಮುಗಿಯಲೇ ಇಲ್ಲ. ನಂಬರುಗಳ ಕೋಷ್ಟಕದಲ್ಲಿ ಕಾಡಿದೆ, ಹಣ್ಣಿನ ತೋಟ ಇದೆ. ಮರದ ನೆರಳು, ಕೆಳಗೆ ದಪ್ಪ ತರಗೆಲೆ, ಹಾಗಾಗಿ ಕಾಡು ಎಂದೇ ಹಿಡಿಯಬೇಕು ಎನ್ನುವುದು ನನ್ನ ವಾದ. ಕಳೆ ತೆಗೆದು, ಅಲ್ಲಲ್ಲಿ ರಸ್ತೆ ಕಡಿದ ತೋಟ ಕಾಡು ಹೇಗಾಗುತ್ತೆ ಎನ್ನುತ್ತಾನೆ ರೂಮ್‌ಮೇಟ್. ಈಗ ಇಬ್ಬರೂ ತೋಟದ ರಸ್ತೆಗಳಿಗೆ ಮೋರಿ ಲೆಕ್ಕ ಹಾಕುತ್ತೇವೆ. ಅವನ ಪೈಪು ಯಾವಾಗಲೂ ನನ್ನದಕ್ಕಿಂತ ಒಂದು ಸೈಜು ದೊಡ್ಡದು.